ರಜೆ ಪುಸ್ತಕದಲ್ಲಿದ್ದ 'ಕಾರಣ'ದ ಕಲಂ

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಎಚ್‌ಆರ್ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಯಿತು. ನಮ್ಮಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಸುತ್ತಲಿನ ಹಳ್ಳಿಗಳಿಂದ ವ್ಯಾನು ಹತ್ತಿ ಬರುವವರು. ಒಂದು ಮಧ್ಯಾಹ್ನ ಚೆಕಿಂಗ್ ಟೇಬಲ್ಲಿನ ಒಬ್ಬರು ಊಟದ ಡಬ್ಬಿ ಕೈಯಲ್ಲೇ ಹಿಡಿದು ನನ್ನೆದುರು ಬಂದು ನಿಂತರು. "ಮೇಡಂ, ರಜಾ ಪುಸ್ತಕದಲ್ಲಿ ನನ್ ವಿಷ್ಯ ಬರ್ದವ್ರೆ. ಲೈನಲ್ಲಿ ಎಲ್ರೂ ಓದವ್ರೆ" ಅಂದರು.

ಹೋಗಿ ನೋಡಿದೆ. ಸೂಪರ್‌ವೈಸರ್ ಟೇಬಲ್ಲಿನ ಪಕ್ಕ ಮೊಳೆಗೆ ದಾರ ಕಟ್ಟಿ ನೇತುಹಾಕಿದ ಉದ್ದನೆಯ ಪುಸ್ತಕ. ಹೆಸರು, ಟೋಕನ್ ನಂಬರು, ದಿನ, ಕೊನೆಗೆ 'ಕಾರಣ'. ಅಲ್ಲಿ ನೀಲಿ ಶಾಯಿಯಲ್ಲಿ 'ಅಬಾರ್ಷನ್'. ಅದರ ಮೇಲಿನ ಸಾಲಿನಲ್ಲಿ ಇನ್ನೊಬ್ಬರ 'ಗಂಡನ ಗಲಾಟೆ', ಅದಕ್ಕೂ ಮೇಲೆ 'ಟಿಬಿ ಟೆಸ್ಟ್'. ಆ ಪುಸ್ತಕಕ್ಕೆ ಕಲಂ ಹಾಕಿಸಿದ್ದು ನಾನೇ. ಆ ದಿನ ಊಟ ಸೇರಲಿಲ್ಲ.

ಆ ಕಲಂ ತೆಗೆಯೋಣ ಎಂದೆ. ಕಾರಣ ಕೇಳದಿದ್ದರೆ ಎಲ್ಲರೂ ರಜೆ ಹಾಕುತ್ತಾರೆ ಎಂದು ಪ್ರೊಡಕ್ಷನ್ ಮ್ಯಾನೇಜರ್ ಒಪ್ಪಲಿಲ್ಲ. ಲೈನ್ ನಡೆಸಲು ಅವರಿಗೆ ಬೇಕಾದದ್ದು ಯಾವ ದಿನ ಯಾವ ಮೆಷಿನ್ ಖಾಲಿ ಎನ್ನುವುದಷ್ಟೇ, ಯಾಕೆ ಖಾಲಿ ಎನ್ನುವುದಲ್ಲ. ನಾನು ಪಟ್ಟು ಬಿಡಲಿಲ್ಲ. ಕಾನೂನನ್ನೂ ಓದಿಕೊಂಡು ಹೋದೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಿಂದ. ಆ ಹೆಸರು ಹೇಳುವಾಗ ನನಗೆ ಈಗಲೂ ಹೆಮ್ಮೆ. ಆದರೆ ಕಾರ್ಖಾನೆಯೊಳಗೆ ಹೆಚ್ಚು ಕೈಹಿಡಿದದ್ದು ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯಡಿಯ 2011ರ ನಿಯಮಗಳು: ಆರೋಗ್ಯ ಸ್ಥಿತಿ, ಬೆರಳಚ್ಚು ಇವೆಲ್ಲ ಸೂಕ್ಷ್ಮ ಮಾಹಿತಿ, ಪಡೆಯಲು ಲಿಖಿತ ಒಪ್ಪಿಗೆ ಬೇಕು, ಅಗತ್ಯವಿದ್ದಷ್ಟೇ ಪಡೆಯಬೇಕು. ಇವು ಕಂಪ್ಯೂಟರಿನಲ್ಲಿರುವ ಮಾಹಿತಿಗೆ ಅನ್ವಯಿಸುವಂಥವು, ಮೊಳೆಗೆ ನೇತುಹಾಕಿದ ಪುಸ್ತಕಕ್ಕಲ್ಲ. ಆದರೆ ನಮ್ಮ ಕ್ಲರ್ಕ್ ವಾರಕ್ಕೊಮ್ಮೆ ಕಾರಣದ ಕಲಮನ್ನೂ ಸೇರಿಸಿ ಎಲ್ಲವನ್ನೂ ಎಕ್ಸೆಲ್‌ಗೆ ಏರಿಸುತ್ತಿದ್ದರು. ಅದನ್ನು ತೋರಿಸಿದ ಮೇಲೆ ಆಡಳಿತದವರು ಕಿವಿಗೊಟ್ಟರು.

ಹೊಸ ಪುಸ್ತಕದಲ್ಲಿ ಕಾರಣದ ಕಲಂ ಇಲ್ಲ. ಇಎಸ್‌ಐ (ಕಾರ್ಮಿಕರ ವಿಮಾ ಯೋಜನೆ) ಚೀಟಿಯಲ್ಲಿ ಕಾಯಿಲೆಯ ಹೆಸರು ಇರುವುದರಿಂದ ಅದನ್ನು ಲೈನಿನಲ್ಲಿ ಕೊಡುವಂತಿಲ್ಲ. ಕವರಿನಲ್ಲಿ ಹಾಕಿ ನೇರ ನನ್ನ ಕೈಗೆ ಕೊಡಬೇಕು. ನಾನು, ಕ್ಲರ್ಕ್ ಬಿಟ್ಟರೆ ಬೇರೆ ಯಾರೂ ತೆರೆಯುವುದಿಲ್ಲ. ಮ್ಯಾನೇಜರ್ ಹೆದರಿದಂತೆ ಗೈರುಹಾಜರಿ ಏರಲಿಲ್ಲ. ಶೌಚಾಲಯದ ಬಾಗಿಲ ಕಡೆಗೆ ಮುಖ ಮಾಡಿದ್ದ ಕ್ಯಾಮೆರಾವನ್ನೂ ಅದೇ ವಾರ ತಿರುಗಿಸಿದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಾಗ, ಉದ್ಯೋಗದ ಉದ್ದೇಶಕ್ಕಾದರೆ ಒಪ್ಪಿಗೆಯೇ ಬೇಡವಂತೆ ಎಂದು ಕೆಲವರು ಸಮಾಧಾನಪಟ್ಟುಕೊಂಡರು. ವಿನಾಯಿತಿ ಇರುವುದು ನಿಜ. ಆದರೆ ಕಾಪಾಡುವ ಹೊಣೆಗೆ ವಿನಾಯಿತಿ ಇಲ್ಲ. ಭದ್ರತೆಯಲ್ಲಿ ತಪ್ಪಿದರೆ 250 ಕೋಟಿ ರೂಪಾಯಿವರೆಗೆ ದಂಡ ಎಂದು ಅದೇ ಕಾಯ್ದೆ ಹೇಳುತ್ತದೆ.

ಈಗ ಹೊಸಬರು ಸೇರುವ ದಿನ, ಯಾವ ಕಾಗದ ಯಾಕೆ ಬೇಕೆಂದು ಕನ್ನಡದಲ್ಲೇ ಓದಿ ಹೇಳುತ್ತೇನೆ. ಒಮ್ಮೆ ಹತ್ತೊಂಬತ್ತರ ಹುಡುಗಿಯೊಬ್ಬಳು, "ಕೆಲ್ಸ ಬಿಟ್ರೆ ನನ್ ಹೆಬ್ಬೆಟ್ಟು ಅಳಿಸ್ತೀರಾ ಮೇಡಂ?" ಅಂದಳು. ಸಂಜೆ ಹಾಜರಿ ಮೆಷಿನ್ ತೆರೆಸಿದರೆ, ಬಿಟ್ಟುಹೋಗಿ ನಾಲ್ಕು ವರ್ಷವಾದವರ ಬೆರಳಚ್ಚೂ ಅದರಲ್ಲಿತ್ತು. ಎಲ್ಲ ಅಳಿಸಲು ಎರಡು ದಿನ ಹಿಡಿಯಿತು. ಈಗ ಲೆಕ್ಕ ಚುಕ್ತಾ ಮಾಡುವ ದಿನವೇ, ಅವರನ್ನು ಮೆಷಿನ್ ಮುಂದೆ ನಿಲ್ಲಿಸಿಕೊಂಡು ಅಳಿಸುತ್ತೇನೆ.