‘ಫಾಸ್ಟ್’ ಎಂದರೆ ಯಾವ ಫಾಸ್ಟ್?

ದಾದರ್ ನಿಲ್ದಾಣದ ಫಲಕದಲ್ಲಿ ‘ಎಫ್’ ಕಂಡರೆ ಫಾಸ್ಟ್ ಲೋಕಲ್, ‘ಎಸ್’ ಕಂಡರೆ ಸ್ಲೋ. ಊರಿನಿಂದ ಮುಂಬಯಿಗೆ ಬಂದವರು ವಾರ ಕಳೆಯುವುದರೊಳಗೆ ಇಷ್ಟನ್ನು ಕಲಿತಿರುತ್ತಾರೆ. ತೊಡಕು ಶುರುವಾಗುವುದು ಆಮೇಲೆ. ಬಟ್ಟೆ ಅಂಗಡಿಯವನು ಸೀರೆಯ ಬಣ್ಣ ಫಾಸ್ಟ್ ಎನ್ನುತ್ತಾನೆ. ರಕ್ತ ಪರೀಕ್ಷೆಯ ಚೀಟಿಯಲ್ಲಿ ಫಾಸ್ಟಿಂಗ್ ಎಂದಿರುತ್ತದೆ. ಎಲ್ಲಕ್ಕೂ ‘ವೇಗ’ ಎಂಬ ಒಂದೇ ಅರ್ಥ ಹಚ್ಚಿದರೆ ಕೆಲಸ ಕೆಡುತ್ತದೆ. ಹಾಗೆಂದು ಅರ್ಥಗಳ ಪಟ್ಟಿಯನ್ನು ಉರು ಹೊಡೆಯಬೇಕಾಗಿಲ್ಲ.

ಮೊದಲು ಬೇರು ಹಿಡಿಯಿರಿ. ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ‘ಬಿಗಿಯಾದ, ಕದಲದ’ ಎಂಬ ಅರ್ಥವಿತ್ತು; ವೇಗದ ಸೋಂಕೇ ಇರಲಿಲ್ಲ. ಕದಲದೆ ನಿಂತದ್ದು ಓಡಲು ಹೇಗೆ ಕಲಿಯಿತು? ನಮ್ಮ ‘ಜೋರು’ ನೋಡಿ. ಪಾರಸಿಯಿಂದ ಬಂದ ಆ ಪದಕ್ಕೆ ಮೂಲದಲ್ಲಿ ಬಲ ಎಂದರ್ಥ. ‘ಜೋರಾಗಿ ಓಡು’ ಎಂದಾಗ ಬಲವೇ ವೇಗವಾಗಿದೆ. ಇಂಗ್ಲಿಷಿನವರೂ ‘ಬಿಗಿಯಾಗಿ, ಬಿಡದೆ ಓಡು’ ಎನ್ನುತ್ತಲೇ ‘ಬೇಗ ಓಡು’ ಎಂಬಲ್ಲಿಗೆ ಬಂದರು. ಉಪವಾಸವೂ ಇದೇ ಬೇರಿನ ಚಿಗುರು: ನಾವು ವ್ರತ ಹಿಡಿಯುತ್ತೇವೆ, ಅವರು ನೇಮವನ್ನು ಬಿಗಿಯಾಗಿ ಹಿಡಿದರು. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತು.

ಎರಡನೆಯದಾಗಿ, ಪಕ್ಕದಲ್ಲಿ ಯಾವ ಪದವಿದೆ ಎಂದು ನೋಡಿ. ಬೌಲರ್, ಕಾರು, ಲೋಕಲ್ ಎಂದು ಚಲಿಸುವುದೇನಾದರೂ ಇದ್ದರೆ ವೇಗ. ಲೋಕಲಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ: ಅಲ್ಲಿ ಫಾಸ್ಟ್ ಎಂದರೆ ಮುಖ್ಯವಾಗಿ ಕಡಿಮೆ ಕಡೆ ನಿಲ್ಲುವ ಗಾಡಿ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿಗೆ ಹೊರಟವರು ಠಾಣೆಯಲ್ಲಿ ಫಾಸ್ಟ್ ಹತ್ತಿದರೆ ಮಾಟುಂಗಾ ಕಿಟಕಿಯಾಚೆ ಹಾದುಹೋಗುತ್ತದೆ. ದಾದರಿನಲ್ಲಿ ಇಳಿದು ಸ್ಲೋ ಹಿಡಿದು ಹಿಂದಕ್ಕೆ ಬರಬೇಕು.

ಪಕ್ಕದಲ್ಲಿರುವುದು ಚಲಿಸದ ವಸ್ತುವಾದರೆ ಹಳೆಯ ‘ಬಿಗಿ’ಗೆ ಮರಳಿ. ಬಣ್ಣ ಫಾಸ್ಟ್ ಎಂದರೆ ಒಗೆದರೆ ಬಿಡದ ಬಣ್ಣ. ಅಂಗಡಿಯವನ ಮಾತಿನ ಮೇಲೆ ನಂಬಿಕೆ ಸಾಲದಿದ್ದರೆ ಒದ್ದೆ ಮಾಡಿದ ಬಿಳಿ ಕರವಸ್ತ್ರವನ್ನು ಸೆರಗಿನ ಒಳಮಗ್ಗುಲಿಗೆ ಉಜ್ಜಿ ನೋಡಿ. ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿ ‘ಹಾರ್ಡ್ ಆ್ಯಂಡ್ ಫಾಸ್ಟ್ ರೂಲ್’ ಎಂದರೆ ಸಡಿಲಿಸಲಾಗದ ನಿಯಮ. ಅವರಿಗೆ ಬೇಕಾದವರಿಗೆ ಅದು ಸಡಿಲವಾಗುತ್ತದೆ, ಆ ಮಾತು ಬೇರೆ. ‘ಫಾಸ್ಟ್ ಅಸ್ಲೀಪ್’ ಎಂದರೆ ಬೇಗ ನಿದ್ದೆ ಹೋದರು ಎಂದಲ್ಲ, ಗಾಢ ನಿದ್ದೆಯಲ್ಲಿದ್ದಾರೆ ಎಂದು. ಈ ‘ಬಿಗಿ’ಗೆ ಒಗ್ಗದ ಎರಡು ಬಳಕೆಗಳೂ ಇವೆ. ಗಡಿಯಾರ ಐದು ನಿಮಿಷ ಫಾಸ್ಟ್ ಇದ್ದರೆ ಅದು ಮುಂದಿದೆ: ಮುಳ್ಳು 9.05 ತೋರಿಸುವಾಗ ನಿಜವಾದ ಸಮಯ 9. ಮನೆ ದಲ್ಲಾಳಿ ‘ಪುಲ್ಡ್ ಎ ಫಾಸ್ಟ್ ಒನ್’ ಎಂದು ಯಾರಾದರೂ ಗೊಣಗಿದರೆ, ಅವನು ಟೋಪಿ ಹಾಕಿದ ಎಂದು ತಿಳಿಯಿರಿ.

ಮೂರನೆಯ ಹಂತದಲ್ಲಿ ಪದದ ಬಾಲ ನೋಡಿ. ‘ಷಿ ಈಸ್ ಫಾಸ್ಟ್’ ಎಂದರೆ ಆಕೆ ಚುರುಕು. ‘ಷಿ ಈಸ್ ಫಾಸ್ಟಿಂಗ್’ ಎಂದರೆ ಆಕೆಗೆ ಇಂದು ಉಪವಾಸ. ಫಾಸ್ಟಿಂಗ್ ಶುಗರ್ ಪರೀಕ್ಷೆಗೆ ರಕ್ತ ಕೊಡುವ ಮೊದಲು ಕನಿಷ್ಠ 8 ಗಂಟೆ ಏನನ್ನೂ ತಿನ್ನಬಾರದು. ನೀರು ಕುಡಿಯಬಹುದು, ಚಹಾ ಕೂಡದು. ಫಾಸ್ಟ್ ಫುಡ್ಡಿಗೂ ಉಪವಾಸಕ್ಕೂ ಸಂಬಂಧವಿಲ್ಲ. ಆದರೆ ಸಾಬುದಾಣಾ ಖಿಚಡಿ, ವಡೆ, ಆಲೂಗಡ್ಡೆ ಚಿಪ್ಸುಗಳಿಂದ ತುಂಬಿದ ಉಪವಾಸದ ತಟ್ಟೆ ನೋಡಿದರೆ, ‘ಏಕಾದಶಿ, ದುಪ್ಪಟ್ ಖಾಶಿ’ (ಏಕಾದಶಿ ಬಂತು, ಎರಡು ಪಟ್ಟು ತಿನ್ನುವೆ) ಎಂದು ಮರಾಠಿಗರು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುವುದು ಸುಮ್ಮನೆ ಅಲ್ಲ ಅನ್ನಿಸುತ್ತದೆ.

ಬೆಳಗಿನ ತಿಂಡಿಗೆ ಹೇಳುವ ಬ್ರೇಕ್‌ಫಾಸ್ಟ್‌ನಲ್ಲಿ ಇರುವುದೂ ಈ ಉಪವಾಸವೇ. ರಾತ್ರಿಯಿಡೀ ಖಾಲಿಯಿದ್ದ ಹೊಟ್ಟೆಯ ಉಪವಾಸ ಮುರಿಯುವುದು. ನಿರ್ಜಲ ಏಕಾದಶಿ ಮಾಡುವ ಮನೆಗಳಲ್ಲಿ ದ್ವಾದಶಿಯ ಬೆಳಿಗ್ಗೆ ಆಗುವ ಪಾರಣೆಯ ಹಾಗೆ. ಉಚ್ಚಾರಣೆ ಮಾತ್ರ ‘ಬ್ರೆಕ್‌ಫಸ್ಟ್’, ಎರಡೂ ಕಡೆ ದೀರ್ಘವಿಲ್ಲ. ವಿಮಾನದಲ್ಲಿ ಸೀಟ್ ಬೆಲ್ಟ್ ಬಿಗಿಯಿರಿ ಎನ್ನುವಾಗ ಬರುವ ‘ಫಾಸನ್’ ಪದವನ್ನು ಬರೆಯುವಾಗ ನಡುವೆ ‘ಟಿ’ ಇರುತ್ತದೆ, ನುಡಿಯುವಾಗ ಇರುವುದಿಲ್ಲ.

ಕೊನೆಯದು ನಮ್ಮವರು ಹೆಚ್ಚು ಎಡವುವ ಜಾಗ. ಸ್ಲೋ ಎಂಬುದಕ್ಕೆ ಸ್ಲೋಲಿ ಇದೆ, ಹಾಗಾಗಿ ‘ಫಾಸ್ಟ್‌ಲಿ’ ಕೂಡ ಇರಬೇಕು ಎಂಬ ತರ್ಕ ಚೆನ್ನಾಗಿದೆ. ಆದರೆ ಇಂದಿನ ಇಂಗ್ಲಿಷಿನಲ್ಲಿ ಅದು ನಡೆಯುವುದಿಲ್ಲ. ‘ಫಾಸ್ಟ್ ಟ್ರೇನ್’ ಎಂಬಲ್ಲಿಯೂ ‘ರನ್ ಫಾಸ್ಟ್’ ಎಂಬಲ್ಲಿಯೂ ಅದೇ ರೂಪ. ಸಂದರ್ಶನಕ್ಕೆ ಹೋಗುವವರು ಇದನ್ನು ಬಾಯಿಗೆ ಬರುವ ತನಕ ಹೇಳಿ ನೋಡಲಿ: ‘ಐ ವರ್ಕ್ ಫಾಸ್ಟ್’. ‘ಲಿ’ ಸೇರದೆ ಸಮಾಧಾನವಿಲ್ಲ ಎನ್ನುವವರಿಗೆ ‘ಕ್ವಿಕ್ಲಿ’ ಇದೆ.