ಪ್ರೆಸ್ಸಿನ ಗಳಿಕೆ, ಷೇರಿನ ಹಣ: ಎರಡನ್ನೂ ಒಂದೇ ಲೆಕ್ಕಕ್ಕೆ ತಂದದ್ದು

ದಾವಣಗೆರೆಯಲ್ಲಿ ನಂದೊಂದು ಸಣ್ಣ ಆಫ್‌ಸೆಟ್ ಪ್ರೆಸ್ ಇದೆ. ಬಿಲ್ ಬುಕ್, ಕರಪತ್ರ ವರ್ಷವಿಡೀ ಬರುತ್ತವೆ. ಆದರೆ ನಮ್ಮ ಕೈ ಹಿಡಿಯುವುದು ಲಗ್ನಪತ್ರಿಕೆ. ಫೆಬ್ರವರಿಯಿಂದ ಮೇವರೆಗೆ ದುಡಿದದ್ದೇ ವರ್ಷದ ಅರ್ಧ ಗಳಿಕೆ.

2020ರ ಜನವರಿಯಲ್ಲಿ ನನ್ನ ಉಳಿತಾಯ 18 ಲಕ್ಷ ಇತ್ತು. ಅದರಲ್ಲಿ 14 ಲಕ್ಷ ನಿಫ್ಟಿ ಇಂಡೆಕ್ಸ್ ಫಂಡಿನಲ್ಲಿ (ನಿಫ್ಟಿ ಅಂದರೆ 50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕ, ಈ ಫಂಡ್ ಅದೇ ಕಂಪನಿಗಳ ಷೇರು ಕೊಂಡಿಡುತ್ತದೆ), 3 ಲಕ್ಷ ಎಫ್‌ಡಿ, 1 ಲಕ್ಷ ಪಿಪಿಎಫ್ ಅನ್ನೋ ಸರ್ಕಾರಿ ಉಳಿತಾಯ ಯೋಜನೆ. ವಯಸ್ಸು ಇನ್ನೂ ನಲವತ್ತರ ಒಳಗೆ, ನಿವೃತ್ತಿ ದೂರ ಇದೆ, ಷೇರು ಜಾಸ್ತಿ ಇದ್ದರೆ ತಪ್ಪೇನು ಅನ್ನೋದು ನನ್ನ ಲೆಕ್ಕ. ಅವಧಿಯ ಮಟ್ಟಿಗೆ ಅದು ಸರಿಯೇ. ನಾನು ಮರೆತದ್ದು ಪ್ರೆಸ್ಸನ್ನು.

ಮಾರ್ಚ್ ಮಧ್ಯದಲ್ಲಿ ಕೊರೋನಾದಿಂದ ರಾಜ್ಯದಲ್ಲಿ ಮದುವೆ, ಜಾತ್ರೆಗಳಿಗೆ ತಡೆ ಬಿತ್ತು. ಹತ್ತೇ ದಿನದಲ್ಲಿ ಇಡೀ ದೇಶ ಬಂದ್. ಆ ವರ್ಷ ಅಕ್ಷಯ ತೃತೀಯ ಏಪ್ರಿಲ್ 26, ಭಾನುವಾರ. ಆ ದಿನದ ಮದುವೆಗಳ ಕಾರ್ಡು ನಮ್ಮಲ್ಲಿ ಆಗಲೇ ಅಚ್ಚಾಗಿ ಕೂತಿದ್ದವು. ಚಿನ್ನದ ಬಣ್ಣದ ಗಣಪತಿ, ಅರಿಶಿನದ ಅಂಚು, ಒಂದೊಂದು ಡಬ್ಬದಲ್ಲಿ ನೂರು ಕಾರ್ಡು. ತಾರೀಖು ಅಚ್ಚಾದ ಕಾರ್ಡನ್ನು ಇನ್ಯಾರಿಗೂ ಕೊಡೋಕಾಗಲ್ಲ ಅಲ್ವಾ? ಅಡ್ವಾನ್ಸ್ ಕೊಟ್ಟವರು ಬಾಕಿ ಕೊಡಲು ಬರಲಿಲ್ಲ. ಅವರನ್ನು ಕೇಳಲು ನನಗೂ ಮನಸ್ಸಾಗಲಿಲ್ಲ.

ಅದೇ ಮಾರ್ಚ್ 23ರ ಸೋಮವಾರ ನಿಫ್ಟಿ ಒಂದೇ ದಿನ 13% ಬಿತ್ತು. ಬೆಳಿಗ್ಗೆ ಲೋವರ್ ಸರ್ಕ್ಯೂಟ್ (ಕುಸಿತ ಮಿತಿ ಮುಟ್ಟಿದರೆ ತಾನಾಗಿ ಬೀಳುವ ತಡೆ) ಬಿದ್ದು ಮುಕ್ಕಾಲು ಗಂಟೆ ವಹಿವಾಟೇ ನಿಂತಿತ್ತು. ಸಂಜೆಗೆ 7,610. ಜನವರಿಯಲ್ಲಿ 12,300ರ ಮೇಲಿತ್ತು. ನನ್ನ 14 ಲಕ್ಷ ಎಂಟೂವರೆ ಲಕ್ಷದ ಆಸುಪಾಸಿಗೆ ಇಳಿದಿತ್ತು.

ಮನೆ ನಡೆದದ್ದು ಹೆಂಡತಿಯ ಸಂಬಳದಲ್ಲಿ. ಅವಳು ಸರ್ಕಾರಿ ಶಾಲೆಯ ಟೀಚರ್. ಆದರೆ ಪ್ರೆಸ್ಸಿನ ಬಾಡಿಗೆ, ಇಬ್ಬರು ಹುಡುಗರ ಸಂಬಳ, ಕರೆಂಟು ಸೇರಿ ತಿಂಗಳಿಗೆ 60 ಸಾವಿರ ಬೇಕು. ಕಾಗದದ ಅಂಗಡಿಯ ಬಾಕಿ ಒಂದೂವರೆ ಲಕ್ಷ ಬೇರೆ. ಎರಡೇ ತಿಂಗಳಲ್ಲಿ ಎಫ್‌ಡಿ ಖಾಲಿ. ಮೇ 15ರ ಹೊತ್ತಿಗೆ, ನಿಫ್ಟಿ 9,100ರ ಹತ್ತಿರ ಇದ್ದಾಗ, 2 ಲಕ್ಷದ ಯೂನಿಟ್ ಮಾರಿದೆ. ನವೆಂಬರಿನಲ್ಲಿ ಮಾರುಕಟ್ಟೆ ಹಳೆಯ ಎತ್ತರಕ್ಕೆ ವಾಪಸ್ ಬಂತು. ಇಟ್ಟುಕೊಂಡಿದ್ದರೆ ಆ 2 ಲಕ್ಷ ಹೆಚ್ಚುಕಡಿಮೆ 2.7 ಲಕ್ಷ ಆಗಿರುತ್ತಿತ್ತು. ಮಾರುಕಟ್ಟೆ ಬಿದ್ದದ್ದರಿಂದ ನನಗೆ ನಷ್ಟ ಆಗಲಿಲ್ಲ, ಬಿದ್ದಾಗಲೇ ಮಾರಬೇಕಾಗಿ ಬಂದದ್ದರಿಂದ ಆಯಿತು.

ಆಮೇಲೆ ಕೂತು ಹೊಸದಾಗಿ ಲೆಕ್ಕ ಹಾಕಿದೆ. ದೇಶಕ್ಕೆ ಕಷ್ಟ ಬಂದ ವರ್ಷ ಷೇರೂ ಬೀಳುತ್ತದೆ, ನನ್ನ ಗಿರಾಕಿಯೂ ಬರುವುದಿಲ್ಲ. ಎರಡೂ ಒಟ್ಟಿಗೇ. ಅಂದರೆ ಪ್ರೆಸ್ಸೇ ನನ್ನ ದೊಡ್ಡ ಷೇರು. ಅದರ ಮೇಲೆ ಇನ್ನೂ 78% ಷೇರು ಇಟ್ಟುಕೊಂಡಿದ್ದೆ. ಹೆಂಡತಿಯ ಕಥೆ ಬೇರೆ. ಅವಳ ಸಂಬಳ ತಿಂಗಳು ತಿಂಗಳು ಬಡ್ಡಿ ಬಂದ ಹಾಗೆ ಬರುತ್ತದೆ. ಹಾಗಾಗಿ ಅವಳ ಉಳಿತಾಯ ಷೇರಿನಲ್ಲಿ ಜಾಸ್ತಿ ಇರಬಹುದು, ನನ್ನದು ಇರಬಾರದು. ನಾವು ಮಾಡಿಕೊಂಡಿದ್ದದ್ದು ಸರಿಯಾಗಿ ಉಲ್ಟಾ. ಅವಳ ಹಣ ಪೂರ್ತಿ ಪೋಸ್ಟಾಫೀಸಿನಲ್ಲಿತ್ತು.

ಈಗ ಇಬ್ಬರದ್ದನ್ನೂ ಸೇರಿಸಿ ಒಂದೇ ಲೆಕ್ಕ ಇಡುತ್ತೇವೆ. ನೂರಕ್ಕೆ ಷೇರು 50, ಬಡ್ಡಿ ಬರುವಂಥದ್ದು 40, ಬಂಗಾರ 10. ಷೇರಿನ ಎಸ್‌ಐಪಿ (ತಿಂಗಳು ತಿಂಗಳು ಫಂಡಿಗೆ ಹಾಕುವ ಕಂತು) ಹೆಚ್ಚಾಗಿ ಅವಳ ಹೆಸರಲ್ಲೇ ಹೋಗುತ್ತದೆ.

50 ಯಾಕೆ ಅಂದರೆ, ಶೇಕಡಾ ಲೆಕ್ಕ ಬಿಟ್ಟು ರೂಪಾಯಿಯಲ್ಲಿ ನೋಡಿದೆ. 2008ರ ಜನವರಿಯಲ್ಲಿ 6,300 ದಾಟಿದ್ದ ನಿಫ್ಟಿ ಅಕ್ಟೋಬರಿನಲ್ಲಿ 2,300ಕ್ಕಿಂತ ಕೆಳಗೆ ಹೋಗಿತ್ತು. ಅಂದರೆ 60% ಬೀಳುವುದು ನಡೆದೇ ಇರುವ ಸಂಗತಿ. 18 ಲಕ್ಷದಲ್ಲಿ 14 ಲಕ್ಷ ಷೇರಿನಲ್ಲಿದ್ದರೆ ಅಂಥ ವರ್ಷ 8.4 ಲಕ್ಷ ಮಾಯ. 9 ಲಕ್ಷ ಇದ್ದರೆ 5.4 ಲಕ್ಷ. ಪ್ರೆಸ್ಸಿನಲ್ಲಿ ಖರ್ಚೆಲ್ಲ ಕಳೆದು ವರ್ಷಕ್ಕೆ ನನಗೆ ಉಳಿಯುವುದು ಸುಮಾರು 5 ಲಕ್ಷ. ಒಂದು ವರ್ಷದ ದುಡಿಮೆ ಹೋದರೆ ತಡೆದುಕೊಳ್ಳುತ್ತೇನೆ, ಮಲಗಿದರೆ ನಿದ್ದೆ ಬರುತ್ತದೆ. ಎರಡು ವರ್ಷದ್ದಾದರೆ ಹೆದರಿ ಮಾರಿಬಿಡುತ್ತೇನೆ. ಅದು ನನಗೆ ಗೊತ್ತು. ನಿಮ್ಮ ಸಂಖ್ಯೆ ಬೇರೆಯೇ ಬರಬಹುದು. ಅರ್ಧ ಕಳಕೊಂಡ ಹಣ ಮೊದಲಿನಷ್ಟಾಗಲು ಎರಡರಷ್ಟು ಬೆಳೆಯಬೇಕು, ಅದನ್ನೊಂದು ನೆನಪಿಟ್ಟುಕೊಳ್ಳಿ.

ಬಡ್ಡಿಯ 40 ಸುಮ್ನೆ ಬರುವುದಿಲ್ಲ, ಅದಕ್ಕೂ ಬೆಲೆ ಕೊಟ್ಟಿದ್ದೇನೆ. 2020–21ರಲ್ಲಿ ದೊಡ್ಡ ಬ್ಯಾಂಕುಗಳು ಕೊಡುತ್ತಿದ್ದದ್ದು 5.5%ರ ಆಸುಪಾಸು. ಅದರಲ್ಲಿ ತೆರಿಗೆ ಕಳೆದರೆ ಬೆಲೆಯೇರಿಕೆಗೂ ಸಾಲುತ್ತಿರಲಿಲ್ಲ. ಅದಕ್ಕೇ ಈ ಭಾಗದಲ್ಲಿ ಮೊದಲು ಪಿಪಿಎಫ್ ತುಂಬಿಸುತ್ತೇನೆ. ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಹಾಕಬಹುದು, 2020ರ ಏಪ್ರಿಲಿನಿಂದ ಬಡ್ಡಿ 7.1%, ತೆರಿಗೆ ಇಲ್ಲ. ಆದರೆ 15 ವರ್ಷದ ಗಂಟು, ಕಷ್ಟಕ್ಕೆ ತಕ್ಷಣ ಆಗುವುದಿಲ್ಲ.

ಕಷ್ಟಕ್ಕೆ ಅಂತ ಪ್ರೆಸ್ಸಿನ ಕನಿಷ್ಠ ಎಂಟು ತಿಂಗಳ ಖರ್ಚನ್ನು ಬೇರೆಯೇ ಇಟ್ಟಿದ್ದೇನೆ. ಮೇಲಿನ 50–40–10ರಲ್ಲಿ ಅದು ಸೇರಿಲ್ಲ. ಅದನ್ನು ಕೂಡಿಸಲು ಎರಡು ವರ್ಷ ಹಿಡಿಯಿತು. ಒಂದೇ ದೊಡ್ಡ ಎಫ್‌ಡಿ ಮಾಡಿಲ್ಲ, 50 ಸಾವಿರದ ತುಂಡುಗಳು. ಬೇಕಾದಾಗ ಒಂದನ್ನು ಮಾತ್ರ ಮುರಿದರೆ ಸಾಕು, ಉಳಿದವುಗಳ ಬಡ್ಡಿಗೆ ಪೆಟ್ಟು ಬೀಳುವುದಿಲ್ಲ. ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿಯೂ ಸೇರಿ 5 ಲಕ್ಷದವರೆಗೆ. ಅದಕ್ಕೆ ಎಲ್ಲ ಎಫ್‌ಡಿ ಸೇರಿಸಿ ಮೂರು ಬ್ಯಾಂಕಿಗೆ ಹಂಚಿದ್ದೇನೆ. ಅಪ್ಪ ಒಂದು ಪತ್ತಿನ ಸಹಕಾರ ಸಂಘದಲ್ಲಿ ಹೆಚ್ಚು ಬಡ್ಡಿಗೆ ಅಂತ 1 ಲಕ್ಷ ಇಟ್ಟಿದ್ದರು. ಸಹಕಾರಿ ಬ್ಯಾಂಕಿಗೆ ಈ ವಿಮೆ ಇದೆ, ಪತ್ತಿನ ಸಂಘಕ್ಕೆ ಇಲ್ಲ. ಅಪ್ಪನಿಗೆ ಬಿಡಿಸಿ ಹೇಳಿ, ಅವಧಿ ಮುಗಿದ ದಿನವೇ ಹೋಗಿ ತಂದೆವು.

ಬಂಗಾರದ ಬಗ್ಗೆ ಒಂದು ಮಾತು. ಮನೆಯ ಒಡವೆ ಲೆಕ್ಕಕ್ಕಿಲ್ಲ, ಅದನ್ನು ಯಾರೂ ಮಾರುವುದಿಲ್ಲ. ಈ 10 ಗೋಲ್ಡ್ ಇಟಿಎಫ್, ಅಂದರೆ ಬಂಗಾರದ ಬೆಲೆಯ ಜೊತೆ ಏರಿಳಿಯುವ, ಷೇರುಪೇಟೆಯಲ್ಲಿ ಕೊಳ್ಳುವ ಫಂಡ್. 2008ರಲ್ಲೂ 2020ರಲ್ಲೂ ಷೇರು ಬಿದ್ದಾಗ ಆ ವರ್ಷ ರೂಪಾಯಿ ಲೆಕ್ಕದಲ್ಲಿ ಬಂಗಾರ ಏರಿತ್ತು. ಅಷ್ಟೇ ಕಾರಣ.

ಈ ಪಾಲುಗಳನ್ನು ವರ್ಷಕ್ಕೊಮ್ಮೆ ಸರಿಮಾಡುತ್ತೇನೆ. ಆಯುಧಪೂಜೆಗೆ ಮಷಿನ್ ತೊಳೆದು ಕುಂಕುಮ ಇಟ್ಟರೆ ಮರುದಿನವೂ ಪ್ರೆಸ್ ರಜ. ವಿಜಯದಶಮಿಗೆ ಷೇರುಪೇಟೆಗೂ ರಜ. ಅವತ್ತು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಿಡುತ್ತೇನೆ, ಪೇಟೆ ತೆರೆದ ದಿನ ಮಾರುವುದು, ಕೊಳ್ಳುವುದು. ನಡುವೆ ಮುಟ್ಟುವುದಿಲ್ಲ.

ಇದರಲ್ಲಿ ಸದಾ ಲಾಭ ಆಗುತ್ತದೆ ಅಂತಲ್ಲ. 2023ರ ದಸರಾದಲ್ಲಿ ನಿಫ್ಟಿ 19,300ರ ಹತ್ತಿರ ಇದ್ದಾಗ 40 ಸಾವಿರದ ಷೇರು ಫಂಡ್ ಮಾರಿ ಎಫ್‌ಡಿಗೆ ಹಾಕಿದೆ. ಮುಂದಿನ ದಸರಾಕ್ಕೆ ನಿಫ್ಟಿ 25,000ದ ಹತ್ತಿರ. ಬಿಟ್ಟಿದ್ದರೆ 52 ಸಾವಿರ ಆಗುತ್ತಿತ್ತು. ಬೇಜಾರಾಯಿತು, ನಿಜ. ಆದರೂ 2024ರಲ್ಲಿ ಷೇರಿನ ಪಾಲು 54ಕ್ಕೆ ಏರಿದ್ದಕ್ಕೆ ಮತ್ತೆ 1.2 ಲಕ್ಷ ತೆಗೆದೆ. ವರ್ಷಕ್ಕೆ 1.25 ಲಕ್ಷದವರೆಗಿನ ದೀರ್ಘಾವಧಿ ಲಾಭಕ್ಕೆ (ಒಂದು ವರ್ಷಕ್ಕಿಂತ ಹೆಚ್ಚು ಇಟ್ಟ ಷೇರು ಫಂಡಿನ ಲಾಭ) ತೆರಿಗೆ ಇಲ್ಲದ್ದರಿಂದ ತೆರಿಗೆ ಬೀಳಲಿಲ್ಲ. 2025ರ ಮಾರ್ಚಿನಲ್ಲಿ ನಿಫ್ಟಿ 22,000ದ ಹತ್ತಿರ ಬಂತು. ಅದು ಬೀಳುತ್ತದೆಂದು ನನಗೇನೂ ತಿಳಿದಿರಲಿಲ್ಲ. ನೋಟ್‌ಬುಕ್ಕಿನ ಲೆಕ್ಕ ಮಾರು ಅಂದಿತ್ತು, ಮಾರಿದ್ದೆ.

ಮಗಳ ಕಾಲೇಜಿನ ಹಣ ಮಾತ್ರ ಈ ಲೆಕ್ಕದಿಂದ ಹೊರಗೆ ಬಂದಿದೆ. ಬೇಕಾಗುವ ಮೂರು ವರ್ಷ ಮೊದಲಿಂದಲೇ ಪ್ರತಿ ದಸರಾಕ್ಕೆ ಮೂರರಲ್ಲಿ ಒಂದು ಭಾಗ ಷೇರಿನಿಂದ ಎಫ್‌ಡಿಗೆ ಇಳಿಸುತ್ತಿದ್ದೇವೆ. ಫೀಸ್ ಕಟ್ಟುವ ತಾರೀಖು ಮಾರುಕಟ್ಟೆಗಾಗಿ ಕಾಯುವುದಿಲ್ಲ.

ದಸರಾ ಲೆಕ್ಕಕ್ಕೆ ಕೂತಾಗ ಹೆಂಡತಿ ಪಕ್ಕದಲ್ಲೇ ಇರುತ್ತಾಳೆ. ಎಷ್ಟು ಲಾಭ ಬಂತು ಅಂತ ಅವಳು ಮೊದಲು ಕೇಳುವುದಿಲ್ಲ. "ರೀ, ಪ್ರೆಸ್ ನಿಂತರೆ ಎಷ್ಟು ತಿಂಗಳು ನಡೆಯುತ್ತೆ?" ಅಂತಾಳೆ. ಆ ಸಂಖ್ಯೆಯನ್ನು ಪುಟದ ಮೇಲ್ಗಡೆ ಮೊದಲು ಬರೆದು, ಆಮೇಲೆ ಉಳಿದದ್ದಕ್ಕೆ ಹೋಗುತ್ತೇವೆ. ಹೋದ ಸಲ ಬರೆದದ್ದು ಒಂಬತ್ತು.