ನಲವತ್ತೈದು ಆಂಪೂಲ್

ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಫಿಸಿಷಿಯನ್. ನಮ್ಮಲ್ಲಿಗೆ ಬರುವ ವಿಷದ ಕೇಸುಗಳಲ್ಲಿ ಜಾಸ್ತಿ ಹೊಲಕ್ಕೆ ಹೊಡೆಯುವ ಔಷಧಿ ಕುಡಿದವರದೇ, ಅದರಲ್ಲೂ ಆರ್ಗನೋಫಾಸ್ಫೇಟ್ ಅನ್ನೋ ಜಾತಿಯ ಕೀಟನಾಶಕ.

ಮೊದಲ ಸಲ ನರ್ಸ್‌ಗಳಿಗೆ ಸ್ಲೈಡ್ ಹಾಕಿ ಪಾಠ ಮಾಡಿದೆ. ಈ ವಿಷಕ್ಕೆ ಪ್ರತಿಮದ್ದು ಅಟ್ರೋಪಿನ್; ಅದರ 3 ಆಂಪೂಲ್ (ಇಂಜೆಕ್ಷನ್ ಮದ್ದಿನ ಪುಟ್ಟ ಗಾಜಿನ ಸೀಸೆ) ಕೊಡಿ, 5 ನಿಮಿಷ ನೋಡಿ, ಎದೆಯ ಗೊರಗೊರ ಹೋಗದಿದ್ದರೆ ದುಪ್ಪಟ್ಟು ಕೊಡಿ. ಕೇಳೋಕೆ ಸುಲಭ, ಅಲ್ವಾ? ಎಲ್ಲರೂ ಬರೆದುಕೊಂಡರು. ಮುಂದಿನ ವಾರವೇ ಒಂದು ಕೇಸ್ ಬಂತು. ಮೂರನೇ ಡೋಸ್ ಹೊತ್ತಿಗೆ ಸಿಸ್ಟರ್ ಒಬ್ಬರೇ ನಿಂತು 12 ಆಂಪೂಲ್ ಒಡೆಯುತ್ತಿದ್ದರು. ಬೆರಳು ಕೊಯ್ದುಕೊಂಡಿತ್ತು. 5 ನಿಮಿಷ ಹೋಗಿ 15 ಆಗಿತ್ತು.

ನಮ್ಮಲ್ಲಿ ಸಿಗುವ ಆಂಪೂಲ್‌ನಲ್ಲಿ ಇರೋದು 0.6 ಮಿಲಿಗ್ರಾಂ. 3, 6, 12, 24 ಅಂತ ಹೋದರೆ ನಾಲ್ಕೇ ಸುತ್ತಿಗೆ 45. ಈ ಲೆಕ್ಕ ನನ್ನ ಸ್ಲೈಡಿನಲ್ಲಿ ಇರಲೇ ಇಲ್ಲ.

ಆಮೇಲೆ ಸ್ಲೈಡ್ ಬಿಟ್ಟೆ. ಸ್ಟೋರಿನಲ್ಲಿ ಡೇಟ್ ಮುಗಿದು ಬಿದ್ದಿದ್ದ ಗಾಜಿನ ಆಂಪೂಲ್ ತಂದು, ಮೊಬೈಲಿನಲ್ಲಿ ಟೈಮರ್ ಇಟ್ಟು ಒಡೆಸಿದೆ. ಒಬ್ಬರು ಒಡೆಯೋದು, ಒಬ್ಬರು ಸಿರಿಂಜಿಗೆ ಎಳೆಯೋದು, ಇನ್ನೊಬ್ಬರು ಎದೆಗೆ ಸ್ಟೆತ್ ಇಟ್ಟು ಟೈಮ್ ಕೂಗೋದು. ರಾತ್ರಿ ಪಾಳಿಯಲ್ಲಿ ಮೂರು ಜನ ಎಲ್ಲಿಂದ ಬರಬೇಕು? ಆಯಮ್ಮನಿಗೂ ಗ್ಲೌಸ್ ಹಾಕಿಸಿ ಆಂಪೂಲ್ ಒಡೆಯೋದು ಕಲಿಸಿದೆವು. ಎಲ್ಲರಿಗಿಂತ ಬೇಗ ಒಡೆದಿದ್ದು ಅವರೇ.

ಇನ್ನೊಂದು ತೊಡಕು ಹೆದರಿಕೆ. ‘ಮೇಡಂ, ಪಲ್ಸ್ 120 ಆಯ್ತು, ನಿಲ್ಲಿಸಲಾ?’ ನಿಲ್ಲಿಸಬೇಡಿ. ಪಲ್ಸ್ ಏರಿತು ಅನ್ನೋದೊಂದೇ ಕಾರಣ ಸಾಲದು. ಎದೆ ತಿಳಿಯಾಗಬೇಕು, ಬಿಪಿ ಮೇಲಿನದು 80 ದಾಟಬೇಕು, ಕಂಕುಳಿಗೆ ಕೈ ಹಾಕಿದರೆ ಒಣಗಿರಬೇಕು. ಹೊಟ್ಟೆಯ ಸದ್ದೇ ನಿಂತು, ಜ್ವರ ಏರಿ, ರೋಗಿ ಗಾಳಿಯಲ್ಲಿ ಏನೋ ಹಿಡಿಯಲು ಹೋದರೆ ಅಟ್ರೋಪಿನ್ ಜಾಸ್ತಿಯಾಗಿದೆ ಅಂತ ಅರ್ಥ. ಆಗ ನಿಲ್ಲಿಸಿ.

‘ಮೊದಲು ಹೊಟ್ಟೆ ತೊಳೀರಿ’ ಅಂತ ಮನೆಯವರು ಕೂಗಾಡುತ್ತಾರೆ. ಮೊದಲು ನೋಡಬೇಕಾದ್ದು ಉಸಿರು, ಜೊತೆಗೇ ಅಟ್ರೋಪಿನ್. ಒದ್ದೆ ಬಟ್ಟೆ ತೆಗೆದು ಮೈ ತೊಳೆಯೋದನ್ನೂ ಮರೆಯುವಂತಿಲ್ಲ.

ಎಲ್ಲ ಸರಿಹೋಯಿತು ಅನ್ನಿಸಿದ ಮೇಲೂ ಎರಡರಿಂದ ನಾಲ್ಕನೇ ದಿನದೊಳಗೆ ಉಸಿರಾಟದ ಸ್ನಾಯುಗಳು ಸೋಲಬಹುದು. ಮೊದಲು ಸೋಲೋದು ಕತ್ತು. ಅದಕ್ಕೇ ಚಾರ್ಟಿನಲ್ಲಿ ಒಂದು ಸಾಲು ಸೇರಿಸಿದೆ: ‘ತಲೆ ಎತ್ತಿದರಾ?’ ಇದೆಂಥ ಕೆಲಸ ಅಂತ ಒಬ್ಬಿಬ್ಬರು ನಕ್ಕಿದ್ದರು.

ಒಂದು ಬೆಳಗಿನ ಜಾವ ಮೂರಕ್ಕೆ ಫೋನ್ ಬಂತು. ‘ಮೇಡಂ, ಅಜ್ಜ ಮಾತಾಡ್ತಿದ್ದಾರೆ, ಆದ್ರೆ ದಿಂಬಿಂದ ತಲೆ ಎತ್ತೋಕಾಗ್ತಿಲ್ಲ.’ ವೆಂಟಿಲೇಟರ್ ಇದ್ದ ಜಿಲ್ಲಾ ಆಸ್ಪತ್ರೆಗೆ ಆಂಬುಲೆನ್ಸ್ ಹೊರಟಾಗ ಅಜ್ಜ ಇನ್ನೂ ತಾನಾಗೇ ಉಸಿರಾಡುತ್ತಿದ್ದರು.